ನೀರಿದ್ದಾಗ ಸುಮ್ಮನಿರುವ ಪೆಟ್ಟಿಗೆ

ಪೀಣ್ಯದ ಕಾರ್ಖಾನೆಗೆ ಸೇರಿ ನಾನು ಮಾಡಿದ ಮೊದಲ ಯಂತ್ರ ಹದಿನೇಳು ದಿನ ಬದುಕಿತ್ತು. ಹದಿನೇಳನೆಯ ದಿನ ಬೆಳಿಗ್ಗೆ ನಮ್ಮ ಮನೆಯ ಓನರಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಮೆಟ್ಟಿಲ ಕೆಳಗೆ ಬಂದರು, ಅದರ ಸ್ವಿಚ್ ಆರಿಸಿದರು, ಮತ್ತೆ ಯಾರೂ ಮುಟ್ಟದಿರಲಿ ಎಂದು ಮೇಲೊಂದು ಪ್ಲಾಸ್ಟಿಕ್ ಚೀಲ ಕಟ್ಟಿದರು. "ಸಾಕು ಬುಡವ್ವ ಇದ್ರ ಸಾವಾಸ" ಎಂದು ಹೇಳಿ ಒಳಗೆ ಹೋದರು. ನಾನು ಆಫೀಸಿನ ಚೀಲ ಹೆಗಲಿಗೇರಿಸಿಕೊಂಡು ಅಲ್ಲೇ ನಿಂತಿದ್ದೆ. ಕಟ್ಟಡದ ಹನ್ನೆರಡು ಮನೆಯವರ ಎದುರಿಗೆ ಹೀಗಾದದ್ದಕ್ಕೆ ಮುಖ ಬಿಸಿಯಾಗಿತ್ತು. ಆದರೆ ಜಗಳಕ್ಕೆ ನಿಲ್ಲುವಷ್ಟು ಧೈರ್ಯ ಬರಲಿಲ್ಲ. ಏಕೆಂದರೆ ಹಿಂದಿನ ದಿನ ಆಗಿದ್ದ ಅನಾಹುತದಲ್ಲಿ ನಾನೂ ಒಂದು ಬಕೆಟ್ ಹಿಡಿದು ಓಡಿದ್ದೆ.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

ಪೀಣ್ಯಕ್ಕೆ ಹೋಗುವ ಮೊದಲು ಹನ್ನೊಂದು ವರ್ಷ ನಾನು ವೈಟ್‌ಫೀಲ್ಡ್‌ನ ಒಂದು ಗಾಜಿನ ಕಟ್ಟಡದಲ್ಲಿ ಕೆಲಸ ಮಾಡಿದ್ದೆ. ಜನ ಫೋನಿನಲ್ಲೇ ಸಾಮಾನು ಕೊಳ್ಳುವ ಆ್ಯಪ್ ನಮ್ಮದು. ಅದರಲ್ಲಿ ನಮ್ಮ ತಂಡದ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳಬಹುದು: ಫೋನ್ ಕೆಳಗಿಟ್ಟವರು ಅದನ್ನು ಮತ್ತೆ ಎತ್ತಿಕೊಳ್ಳುವಂತೆ ಮಾಡುವುದು. "ನಿಮ್ಮ ಬುಟ್ಟಿಯಲ್ಲಿ ಏನೋ ಉಳಿದಿದೆ", "ನಿಮ್ಮನ್ನು ನೋಡಿ ಎಷ್ಟು ದಿನ ಆಯ್ತು" ಮುಂತಾದ ಸಂದೇಶಗಳನ್ನೆಲ್ಲ ನಾವು ಬರೆದು, ಗಂಟೆ ನೋಡಿ ಬಿಡುತ್ತಿದ್ದೆವು. ಫೋನಿನ ಪರದೆಯ ಮೂಲೆಯಲ್ಲಿ ಕಾಣುವ ಆ ಕೆಂಪು ಚುಕ್ಕೆ ಎಷ್ಟು ದಪ್ಪ ಇರಬೇಕು ಎಂದು ಒಂದು ವಾರ ಚರ್ಚೆ ಮಾಡಿದ್ದು ನನಗೆ ಚೆನ್ನಾಗಿ ನೆನಪಿದೆ. ಆ ಕೆಲಸದಲ್ಲಿ ನಾನು ಗಟ್ಟಿಗಿತ್ತಿ ಎಂದು ಹೆಸರಾಗಿದ್ದೆ. ಒಂದು ದಿನ ಕಂಪನಿಯವರು ನಮ್ಮ ಇಡೀ ತಂಡವನ್ನು ಒಂದು ಮೀಟಿಂಗಿಗೆ ಕರೆದು, ಅರ್ಧ ಗಂಟೆಯಲ್ಲಿ ಮನೆಗೆ ಕಳಿಸಿದರು. ಆ ಸುದ್ದಿಯೂ ಫೋನಿನಲ್ಲಿ ಟಿಂಗ್ ಎಂದೇ ಬಂದಿತ್ತು.

ನಾಲ್ಕು ತಿಂಗಳು ಮನೆಯಲ್ಲಿದ್ದೆ. ಮೊದಲ ತಿಂಗಳು ನಿದ್ದೆ ಮಾಡಿದೆ, ಎರಡನೆಯ ತಿಂಗಳು ಎಲ್ಲ ಕಪಾಟು ಜೋಡಿಸಿದೆ, ಮೂರನೆಯ ತಿಂಗಳಿಗೆ ಗಂಡ ಮೆಲ್ಲಗೆ, "ಎಲ್ಲಾದ್ರೂ ಹೋಗಿ ಬರ್ತೀಯಾ ದಿನಾ?" ಎಂದು ಕೇಳಿದರು. ಕೊನೆಗೆ ಪೀಣ್ಯದಲ್ಲಿ ಕೆಲಸ ಸಿಕ್ಕಿತು. ನೀರೆತ್ತುವ ಮೋಟಾರುಗಳನ್ನು ಚಾಲೂ ಮಾಡುವ ಪೆಟ್ಟಿಗೆಗಳನ್ನು ತಯಾರಿಸುವ ಸಣ್ಣ ಕಾರ್ಖಾನೆ ಅದು. ಯಜಮಾನರು ಎಪ್ಪತ್ತರ ಹತ್ತಿರದವರು. ಚಿಕ್ಕ ಶೆಡ್ಡಿನಲ್ಲಿ ಒಂದೇ ಲೇತ್ ಯಂತ್ರ ಇಟ್ಟುಕೊಂಡು ಶುರು ಮಾಡಿ ಮೂವತ್ತು ಜನರ ಕಾರ್ಖಾನೆ ಕಟ್ಟಿದವರು. ಸಂದರ್ಶನದಲ್ಲಿ ಅವರು ನನ್ನ ಬಯೊಡೇಟಾ ಓದಲೇ ಇಲ್ಲ. "ಕಾಲೇಜಲ್ಲಿ ಎಲೆಕ್ಟ್ರಾನಿಕ್ಸ್ ಓದಿದೀರಾ, ಆಮೇಲೆ ಆ್ಯಪ್ ಮಾಡಿದೀರಾ. ಎರಡೂ ಸೇರ್ಸಿ ನಮ್ಗೊಂದು ಸ್ಮಾರ್ಟ್ ಪೆಟ್ಟಿಗೆ ಮಾಡ್ಕೊಡಿ. ಈಗ ಎಲ್ರೂ ಅದನ್ನೇ ಕೇಳ್ತಾರೆ" ಎಂದರು.

ದಿನವೂ ಮೊದಲು ಬಸ್ಸು, ಆಮೇಲೆ ನೇರಳೆ ಮೆಟ್ರೊ ಹಿಡಿದು ಮೆಜೆಸ್ಟಿಕ್‌ಗೆ, ಅಲ್ಲಿಂದ ಹಸಿರು ಮೆಟ್ರೊ ಹಿಡಿದು ಪೀಣ್ಯಕ್ಕೆ. ಊರಿನ ಒಂದು ತುದಿಯಿಂದ ಇನ್ನೊಂದು ತುದಿ. ಗಾಜಿನ ಕಟ್ಟಡದ ತಂಪಿನಿಂದ ಬಂದವಳಿಗೆ ಪೀಣ್ಯದ ಗ್ರೈಂಡಿಂಗ್ ಸದ್ದು, ಕಬ್ಬಿಣ ಕಾದ ವಾಸನೆ, ಹನ್ನೊಂದಕ್ಕೆ ಬರುವ ಚಿಕ್ಕ ಲೋಟದ ಟೀ ಎಲ್ಲ ಹೊಸದು. ಆದರೆ ನಾನು ಕಲಿತದ್ದು ಮಾತ್ರ ಹಳೆಯದೇ. ಮೂರು ತಿಂಗಳಲ್ಲಿ ಸ್ಮಾರ್ಟ್ ಪೆಟ್ಟಿಗೆ ತಯಾರಾಯಿತು. ಟ್ಯಾಂಕಿನಲ್ಲಿ ನೀರು ಎಷ್ಟಿದೆ ಎಂದು ಅದಕ್ಕೆ ತಿಳಿಯುತ್ತಿತ್ತು. ಇಳಿದಾಗ ತಾನೇ ಮೋಟಾರ್ ಹಾಕುತ್ತಿತ್ತು, ತುಂಬಿದಾಗ ತಾನೇ ಆರಿಸುತ್ತಿತ್ತು. ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆ ಇರುತ್ತಿರಲಿಲ್ಲ. ನಾನು ಅದಕ್ಕೆ ಬಾಯಿ ಕೊಟ್ಟೆ. ಮೋಟಾರ್ ಶುರುವಾದರೆ ಫೋನಿಗೊಂದು ಸಂದೇಶ, ನಿಂತರೆ ಇನ್ನೊಂದು. ಬೆಳಿಗ್ಗೆ ಆರಕ್ಕೆ, "ಶುಭೋದಯ! ನಿಮ್ಮ ಟ್ಯಾಂಕ್ ಇಂದು 82% ತುಂಬಿದೆ." ವಾರದ ಕೊನೆಗೆ ನೀರಿನ ಲೆಕ್ಕದ ಬಣ್ಣಬಣ್ಣದ ನಕ್ಷೆ.

ಪರೀಕ್ಷೆಗೆ ಮೊದಲ ಪೆಟ್ಟಿಗೆಯನ್ನು ನಾವು ಬಾಡಿಗೆಗಿರುವ ಕಟ್ಟಡದಲ್ಲೇ ಹಾಕಿದೆ. ವೈಟ್‌ಫೀಲ್ಡ್‌ನ ಆಚೆ ಮಗ್ಗುಲಿಗೆ, ಮೊದಲು ಹಳ್ಳಿಯಾಗಿದ್ದು ಈಗ ಬೀದಿಯಾಗಿರುವ ಜಾಗ ಅದು. ಓನರಮ್ಮನ ಮಾವನ ಕಾಲದಲ್ಲಿ ರಾಗಿ ಬೆಳೆಯುತ್ತಿದ್ದ ತುಂಡಿನಲ್ಲಿ ಈಗ ನಾಲ್ಕಂತಸ್ತು, ಹನ್ನೆರಡು ಮನೆ. ನೆಲದ ಕೆಳಗೆ ಸಂಪು, ತಾರಸಿಯ ಮೇಲೆ ಟ್ಯಾಂಕು, ಎರಡರ ನಡುವೆ ಒಂದು ಮೋಟಾರು. ಬೋರ್‌ವೆಲ್ ಬತ್ತಿದ ಮೇಲೆ ಸಂಪಿಗೆ ಟ್ಯಾಂಕರಿನವನು ನೀರು ತಂದು ಸುರಿಯುತ್ತಾನೆ. ಇಷ್ಟನ್ನೂ ಓನರಮ್ಮ ಇಪ್ಪತ್ತು ವರ್ಷದಿಂದ ಒಬ್ಬರೇ ನೋಡಿಕೊಳ್ಳುತ್ತಿದ್ದರು. ಅವರಿಗೆ ಅರವತ್ತೈದಿರಬಹುದು. ಫೋನಿನಲ್ಲಿ ಮೊಮ್ಮಗಳ ಫೋಟೊ ನೋಡುವುದು, ಟ್ಯಾಂಕರಿನವನನ್ನು ಬೈಯುವುದು, ಇವೆರಡು ಅವರಿಗೆ ಚೆನ್ನಾಗಿ ಬರುತ್ತಿತ್ತು. ನಾನು ಅವರ ಫೋನಿಗೆ ಆ್ಯಪ್ ಹಾಕಿಕೊಟ್ಟೆ. ಉತ್ಸಾಹ ತಡೆಯದೆ ಹನ್ನೆರಡು ಮನೆಯವರ ಫೋನಿಗೂ ಹಾಕಿದೆ.

ಮೂರನೆಯ ದಿನವೇ ಓನರಮ್ಮ ಮೆಟ್ಟಿಲ ಹತ್ತಿರ ನನ್ನನ್ನು ತಡೆದರು.

"ಏನವ್ವಾ ಇದು, ಯಾವಾಗ್ಲೂ ಕೂಗ್ಕತಾನೇ ಇರ್ತದಲ್ಲ? ಪೂಜೆಗೆ ಕುಂತ್ರೂ ಟಿಂಗು, ಒಲೆ ಮುಂದೆ ನಿಂತ್ರೂ ಟಿಂಗು. ಏನೋ ಆಗೋಯ್ತು ಅಂತ ಓಡೋಗಿ ನೋಡುದ್ರೆ, ನೀರು ತುಂಬೈತೆ ಅಂತೈತೆ. ತುಂಬುದ್ರೆ ನಾನೇನ್ ಮಾಡ್ಲಿ?"

"ಅಭ್ಯಾಸ ಆಗುತ್ತೆ ಅಮ್ಮ. ಸ್ವಲ್ಪ ದಿನ ನೋಡಿ" ಎಂದೆ. ಹಳೆಯ ಆಫೀಸಿನಲ್ಲಿ ನಾವು ಪರಸ್ಪರ ಹೇಳಿಕೊಳ್ಳುತ್ತಿದ್ದ ಮಾತೂ ಇದೇ.

ಹದಿನಾರನೆಯ ದಿನ ಭಾನುವಾರ. ಬೇಸಿಗೆ. ಸಂಪಿನಲ್ಲಿ ನೀರು ತಳ ಕಂಡಿತ್ತು, ಟ್ಯಾಂಕರಿನವನು ಹನ್ನೊಂದಕ್ಕೆ ಬರುತ್ತೇನೆಂದಿದ್ದ. ಮೇಲಿನ ಟ್ಯಾಂಕಿನಲ್ಲಿ ಮೂರರಲ್ಲೊಂದು ಪಾಲು ನೀರಿತ್ತು. ಹನ್ನೊಂದರವರೆಗೆ ಧಾರಾಳವಾಗಿ ಸಾಕಾಗುತ್ತಿತ್ತು. ಎಂಟೂವರೆಗೆ ಹನ್ನೆರಡು ಮನೆಗಳಲ್ಲೂ ಒಟ್ಟಿಗೆ ಫೋನ್ ಸದ್ದಾಯಿತು. "ಟ್ಯಾಂಕ್‌ನಲ್ಲಿ ನೀರು ಕಡಿಮೆ ಇದೆ. ದಯವಿಟ್ಟು ಮಿತವಾಗಿ ಬಳಸಿ." ಸಂದೇಶ ನಾನೇ ಬರೆದದ್ದು. "ದಯವಿಟ್ಟು" ಎನ್ನುವ ಪದ ಸೇರಿಸಿದ್ದಕ್ಕೆ ಆಗ ಹೆಮ್ಮೆಯೂ ಆಗಿತ್ತು.

ಎಲ್ಲರೂ ಅದನ್ನು ಓದಿದರು. ಆಮೇಲೆ ಹನ್ನೆರಡು ಮನೆಗಳಲ್ಲೂ ನಲ್ಲಿ ತಿರುಗಿದ ಸದ್ದು. ಬಕೆಟ್ಟು, ಡ್ರಮ್ಮು, ಕುಕ್ಕರು, ಸಾರಿನ ಪಾತ್ರೆ, ಯಾರ ಕೈಗೆ ಏನು ಸಿಕ್ಕಿತೋ ಅದನ್ನೆಲ್ಲ ತುಂಬಿಸತೊಡಗಿದರು. ನಮ್ಮ ಮನೆಯಲ್ಲಿ ನಾನೇ ಬಚ್ಚಲಿಗೆ ಓಡಿ ಎರಡು ಬಕೆಟ್ ಇಟ್ಟು, ಮೂರನೆಯದಕ್ಕೆ ಮಗಳ ಟಬ್ಬು ಹುಡುಕುತ್ತಿದ್ದೆ. ಆ ಸಂದೇಶ ಬರೆದವಳೇ ಅದನ್ನು ಓದಿ ಹೆದರಿದ್ದಳು! ಹದಿನೈದು ನಿಮಿಷದಲ್ಲಿ ಟ್ಯಾಂಕು ಖಾಲಿ. ಮೂರನೆಯ ಮಹಡಿಯ ಬಾಡಿಗೆದಾರರೊಬ್ಬರು ತಲೆಯ ತುಂಬ ಶಾಂಪೂ ನೊರೆ, ಸೊಂಟಕ್ಕೆ ಟವಲು ಸುತ್ತಿಕೊಂಡು ಮೆಟ್ಟಿಲಿಗೆ ಬಂದು, "ಯಾರ್ರೀ ಅದು ನೀರ್ ನಿಲ್ಸಿದ್ದು?" ಎಂದು ಕೂಗಿದರು. ಯಾರೂ ನಿಲ್ಲಿಸಿರಲಿಲ್ಲ. ಎದುರು ಮನೆಯವರು ಅವರಿಗೆ ಒಂದು ಚೊಂಬು ನೀರು ಕೊಟ್ಟರು. ಪಕ್ಕದವರು, "ನಿಮ್ಮನೇಲಿ ಡ್ರಮ್ಮೇ ತುಂಬ್ಕೊಂಡಿದೀರಲ್ಲ, ಒಂದು ಚೊಂಬಾ ಕೊಡೋದು?" ಎಂದರು. ಅಲ್ಲಿಂದ ಜಗಳ ಶುರುವಾಗಿ, ಟ್ಯಾಂಕರ್ ಬಂದು ಮೋಟಾರ್ ಓಡಿದ ಮೇಲೂ ಮುಗಿಯಲಿಲ್ಲ.

ಮರುದಿನವೇ ಪ್ಲಾಸ್ಟಿಕ್ ಚೀಲ ಕಟ್ಟಿದ್ದು.

ಒಂದು ವಾರ ಓನರಮ್ಮನ ಕಣ್ಣಿಗೆ ಬೀಳದಂತೆ ಓಡಾಡಿದೆ. ಆದರೆ ಒಂದು ಪ್ರಶ್ನೆ ಕೊರೆಯುತ್ತಿತ್ತು. ಇಪ್ಪತ್ತು ವರ್ಷ ಯಾವ ಆ್ಯಪೂ ಇಲ್ಲದೆ ಈಕೆಗೆ ಟ್ಯಾಂಕಿನ ಸುದ್ದಿ ಹೇಗೆ ತಿಳಿಯುತ್ತಿತ್ತು? ಅವರು ತಾರಸಿ ಹತ್ತಿದ್ದನ್ನು ನಾನು ನೋಡಿಯೇ ಇರಲಿಲ್ಲ, ಮಂಡಿನೋವು. ಆದರೂ ನಮ್ಮ ಕಟ್ಟಡದಲ್ಲಿ ಟ್ಯಾಂಕು ಉಕ್ಕಿ ಹರಿದದ್ದೂ ಅಪರೂಪ, ಖಾಲಿಯಾದದ್ದೂ ಅಪರೂಪ. ಒಂದು ಶನಿವಾರ ಮಧ್ಯಾಹ್ನ ಧೈರ್ಯ ಮಾಡಿ ಅವರ ಅಡುಗೆಮನೆಗೆ ಹೋದೆ.

ಒಲೆಯ ಮೇಲೆ ಮುದ್ದೆಗೆ ಎಸರು ಕಾಯುತ್ತಿತ್ತು. "ಕುಂತ್ಕೊ" ಎಂದು ಮಣೆ ತಳ್ಳಿದರು. ಮೊದಲು ಕ್ಷಮೆ ಕೇಳಿದೆ. "ಅದ್ಕೇನ್ ಬುಡು" ಎಂದರು. ಆಮೇಲೆ ನನ್ನ ಪ್ರಶ್ನೆ ಕೇಳಿದೆ. ಅವರಿಗೆ ನಗು ಬಂತು.

"ಕೇಳ್ಸದಿಲ್ವಾ ನಿಂಗೆ?"

"ಏನು?"

"ಮೋಟ್ರು ಓಡ್ತಾ ಐತಲ್ಲ ಈಗ. ಕಿವಿ ಕೊಡು."

ಕಿವಿ ಕೊಟ್ಟೆ. ಕಿಟಕಿಯ ಹೊರಗಿನ ಕೊಳವೆಯಲ್ಲಿ ನೀರು ಏರುತ್ತಿತ್ತು; ಮೇಲೆ ಎಲ್ಲೋ ಬೀಳುವ ಸದ್ದು ಟೊಳ್ಳಾಗಿ ಕೇಳುತ್ತಿತ್ತು. ಓನರಮ್ಮ ಹಿಟ್ಟು ಹಾಕಿ ಕೋಲಿನಿಂದ ತಿರುವತೊಡಗಿದರು. ಮಗಳ ಮದುವೆ, ಟ್ಯಾಂಕರಿನವನ ಸುಳ್ಳು, ಎದುರು ಸೈಟಿನ ಜಗಳ, ಏನೇನೋ ಮಾತಾಡಿದರು. ನಡುವೆ ಒಮ್ಮೆ, ತಲೆ ಎತ್ತದೆ, "ಈಗ ಅರ್ಧ ಆಯ್ತು" ಎಂದರು. ನನಗೆ ಯಾವ ವ್ಯತ್ಯಾಸವೂ ಕೇಳಿಸಿರಲಿಲ್ಲ. ಮುದ್ದೆ ಕಟ್ಟುವ ಹೊತ್ತಿಗೆ ಟೊಳ್ಳು ಸದ್ದು ಹೋಗಿ, ದಪ್ಪಗೆ, ಗುಳುಗುಳು ಎನ್ನುತ್ತಿತ್ತು. ಅಷ್ಟರಲ್ಲಿ ಹಿತ್ತಲಿನ ತಗಡಿನ ಮೇಲೆ ಟಪ್ ಟಪ್ ಎಂದು ನಾಲ್ಕು ಹನಿ ಬಿತ್ತು. ಟ್ಯಾಂಕಿನ ಹೆಚ್ಚುವರಿ ನೀರು ಹೋಗುವ ಕೊಳವೆಯ ಕೆಳಗೆ ಅವರೇ ಆ ತಗಡು ಇರಿಸಿದ್ದರಂತೆ. ಎದ್ದು ಹೋಗಿ ಮೋಟಾರ್ ಆರಿಸಿ ಬಂದರು.

"ಕಿವಿ ಅದ್ರ ಪಾಡಿಗೆ ಅದು ಕೇಳ್ತಿರ್ತದೆ, ಕೈ ಅದ್ರ ಪಾಡಿಗೆ ಅದು ಮುದ್ದೆ ಕಟ್ತಿರ್ತದೆ. ನಿನ್ ಮಿಸೀನು ಅಂಗಲ್ಲ. ಕೈಲಿರೋ ಮುದ್ದೆ ಮಡಗ್ಬುಟ್ಟು ನನ್ನೇ ನೋಡು ಅಂತದೆ."

"ಮತ್ತೆ ನಾನು ಎಂಥದು ಮಾಡ್ಬೇಕಿತ್ತು ಅಮ್ಮ?"

ಅವರು ಕೈಗೆ ಅಂಟಿದ ಹಿಟ್ಟು ತೊಳೆದುಕೊಂಡರು. ಇಷ್ಟು ವರ್ಷ ನಾನು ಆ್ಯಪು, ಯಂತ್ರ ಮಾಡಿದ್ದೆನೇ ಹೊರತು ಬಳಸುವವರನ್ನು ಹೀಗೆ ಎದುರಿಗೆ ಕೂರಿಸಿಕೊಂಡು ಕೇಳಿದ್ದು ಅದೇ ಮೊದಲು.

"ಹಾಕದು ಆರ್ಸದು ಅದೇ ಮಾಡ್ಕಳ್ಳಿ. ಅದು ಒಳ್ಳೇದೆ, ನನ್ ಮಂಡಿ ಉಳೀತದೆ. ಸಂಪಲ್ಲಿ ನೀರೇ ಇಲ್ದಿದ್ರೆ ಅದೇನ್ ಮಾಡೀತು ಪಾಪ? ಅವಾಗ ನಂಗೆ ಯೋಳ್ಬೇಕು. ನೀರಿಲ್ದಾಗ ಯೋಳು, ನೀರಿದ್ದಾಗ ಸುಮ್ಕಿರು. ಅಷ್ಟೇಯ."

ಊಟ ಹಾಕಿದರು. ಬಸ್ಸಾರು. ನಾನು ಹಾವೇರಿ ಕಡೆಯವಳು, ರೊಟ್ಟಿ ಕೈ. ಮುದ್ದೆ ನುಂಗುವುದಕ್ಕೆ ಈಗಲೂ ಒದ್ದಾಡುತ್ತೇನೆ. ಅವರು ನನ್ನ ಅಗಿಯುವ ಬಾಯಿ ನೋಡಿ ನಕ್ಕು ನಕ್ಕು ಕಣ್ಣೊರೆಸಿಕೊಂಡರು.

ಸೋಮವಾರ ಕಾರ್ಖಾನೆಗೆ ಹೋಗಿ ಹೊಸ ಹಾಳೆಯಲ್ಲಿ ಬರೆಯಲು ಕೂತೆ. ಪೆಟ್ಟಿಗೆ ತನ್ನಿಂದ ಆಗುವ ಕೆಲಸವನ್ನು ಯಾರಿಗೂ ಹೇಳದೆ ಮಾಡಬೇಕು. ತನ್ನಿಂದ ಆಗದ್ದನ್ನು ಮಾತ್ರ ಮನುಷ್ಯರಿಗೆ ಹೇಳಬೇಕು. ಹೇಳುವುದೂ ಒಂದು ದೀಪದಿಂದ. ದೀಪ ಅಡುಗೆಮನೆಯ ಕಿಟಕಿಯಿಂದ, ಮೆಟ್ಟಿಲಿನಿಂದ, ಹೋಗುತ್ತ ಬರುತ್ತ ಕಾಣುವಂತಿರಬೇಕು. ಫೋನು ಇಲ್ಲ. ಇಷ್ಟು ಬರೆಯುವುದಕ್ಕೆ ಐದು ನಿಮಿಷ ಸಾಕಾಯಿತು. ಆಮೇಲೆ ಎರಡು ವಾರ ಏನಾದರೂ ಸೇರಿಸುವ ಆಸೆಯೊಂದಿಗೆ ಗುದ್ದಾಡಿದೆ. ಒಂದು ಚಿಕ್ಕ ಪರದೆ? ಒಂದು ಮೆಲುದನಿಯ ಬೀಪ್? ಪ್ರತಿ ಸಲವೂ ಪೆನ್ನು ಹಿಡಿದಾಗ ಆ ಅಡುಗೆಮನೆ ಕಣ್ಣ ಮುಂದೆ ಬರುತ್ತಿತ್ತು. ಹೊಡೆದು ಹಾಕುತ್ತಿದ್ದೆ.

ಪೆಟ್ಟಿಗೆಯ ಒಳಗಿನ ಬುದ್ಧಿ ಕಲಿಸಿದವರು ನಮ್ಮಲ್ಲಿ ವೈರಿಂಗ್ ಮಾಡುವ ಅಕ್ಕ. ಐವತ್ತರ ಆಸುಪಾಸಿನ ಹೆಂಗಸು, ಇಪ್ಪತ್ತೆರಡು ವರ್ಷದಿಂದ ಅದೇ ಬೆಂಚು, ಅದೇ ಸ್ಟೂಲು. ನನ್ನ ಚಿತ್ರವನ್ನು ಅವರ ಮುಂದೆ ಇಟ್ಟೆ. ಅವರು ಚಿತ್ರ ಪಕ್ಕಕ್ಕಿಟ್ಟು, ಬೆಂಚಿನ ಕೆಳಗಿಂದ ರಿಪೇರಿಗೆ ಬಂದ ಹಳೆಯ ಪೆಟ್ಟಿಗೆಗಳ ರಾಶಿ ಎಳೆದರು. ಒಂದನ್ನು ಬಿಚ್ಚಿ ತೋರಿಸಿದರು. ಒಳಗೆ ಸುಟ್ಟು ಒಣಗಿದ ಹಲ್ಲಿ.

"ಇದಕ್ಕೆ ಬೆಚ್ಚಗಿರೋ ಜಾಗ ಬೇಕು ಮೇಡಂ. ನಾವು ಮೇಲಿಂದ ವೈರ್ ಬಿಡೋಕೆ ತೂತ ಮಾಡ್ತೀವಿ, ಅದು ಅಲ್ಲಿಂದಾನೇ ಮನೆಗ್ ಬರುತ್ತೆ. ಎಷ್ಟು ಮೋಟ್ರು ಇದ್ರಿಂದಾನೇ ಹೋಗಿದಾವೆ ಗೊತ್ತಾ? ತೂತ ಕೆಳಗಿರ್ಲಿ, ರಬ್ಬರ್ ಬಿಗಿಯಾಗಿ ಹಾಕೋಣ."

ನನ್ನ ಸಣ್ಣ ಸಣ್ಣ ನಾಜೂಕು ಸ್ಕ್ರೂಗಳನ್ನು ನೋಡಿ, "ಇದಕ್ಕೆ ಸ್ಕ್ರೂಡ್ರೈವರ್ ಯಾರತ್ರ ಇರುತ್ತೆ? ಬೀದೀಲಿ ಸಿಗೋ ಎಲೆಕ್ಟ್ರಿಷಿಯನ್ ಜೇಬಲ್ಲಿ ಒಂದೇ ಇರೋದು. ಅದಕ್ಕೆ ಹೊಂದೋ ಸ್ಕ್ರೂ ಹಾಕಿ" ಎಂದರು. ಮೊದಲ ಪೆಟ್ಟಿಗೆಗೆ ವೈರ್ ಹಾಕುವಾಗ ಅವರು ಪ್ರತಿ ವೈರನ್ನೂ ನಾಲ್ಕು ಬೆರಳು ಉದ್ದ ಹೆಚ್ಚಿಗೆ ಬಿಟ್ಟು, ಒಳಗೆ ಸುರುಳಿ ಸುತ್ತುತ್ತಿದ್ದರು. ವ್ಯರ್ಥ ಎನ್ನಿಸಿ ಕೇಳಿದೆ.

"ನಾಳೆ ಯಾರೋ ಇದನ್ನ ಬಿಚ್ತಾರಲ್ಲ ಮೇಡಂ? ತುದಿ ಸುಟ್ಟೋಗಿರುತ್ತೆ, ಕತ್ತರಿಸ್ಬೇಕು, ಮತ್ತೆ ಸುಲಿದು ಕಟ್ಬೇಕು. ಉದ್ದ ಇಲ್ದಿದ್ರೆ ಅವ್ರೇನ್ ಮಾಡ್ತಾರೆ? ಅವರ್ಗೂ ಅಂತ ಸ್ವಲ್ಪ ಬಿಡ್ಬೇಕು."

ಮುಚ್ಚಳದ ಒಳಬದಿಗೆ ವೈರಿಂಗ್ ಚಿತ್ರವನ್ನು ಕನ್ನಡದಲ್ಲಿ ಅಂಟಿಸಿದ್ದು ಮಾತ್ರ ನನ್ನ ಯೋಚನೆ. ಅಕ್ಕ ಅದನ್ನು ನಿಧಾನವಾಗಿ ಓದಿ, "ಇದು ಚೆನ್ನಾಗಿದೆ" ಎಂದಾಗ ಹಳೆಯ ಆಫೀಸಿನ ಯಾವ ಬಡ್ತಿಯಲ್ಲೂ ಆಗದ ಖುಷಿಯಾಯಿತು.

ಪೆಟ್ಟಿಗೆಯನ್ನು ಯಜಮಾನರ ಮೇಜಿನ ಮೇಲೆ ಇಟ್ಟ ದಿನ ಮಾರಾಟ ನೋಡಿಕೊಳ್ಳುವವರೂ ಅಲ್ಲೇ ಇದ್ದರು. ಮಾತಿನಲ್ಲಿ ಬಲು ಚುರುಕು, ಸದಾ ಇಸ್ತ್ರಿ ಅಂಗಿ.

"ಇದು ಏನ್ ಮಾಡುತ್ತಮ್ಮ?" ಯಜಮಾನರು ಕೇಳಿದರು.

"ಮೋಟಾರ್ ಹಾಕಿ ಆರಿಸುತ್ತೆ ಸಾರ್. ಸಂಪು ಖಾಲಿ ಆದ್ರೆ ಮೋಟಾರ್ ನಿಲ್ಸಿ ದೀಪ ಹಚ್ಚುತ್ತೆ. ಬೇರೆ ಹೊತ್ತು ಏನೂ ಮಾಡಲ್ಲ."

"ಆ್ಯಪ್ ಎಲ್ಲಿ?"

"ಇಲ್ಲ ಸಾರ್."

ಮಾರಾಟದವರು ಹಣೆ ಚಚ್ಚಿಕೊಂಡರು. "ಮೇಡಂ, ನೀವು ಮೂರು ತಿಂಗಳು ಕೂತು ಮಾಡಿರೋ ಆ್ಯಪ್ ನೀವೇ ತೆಗೆದಾಕ್ಬಿಟ್ರಾ? ಸ್ಮಾರ್ಟ್ ಅಂತ ಡಬ್ಬದ ಮೇಲೆ ಬರೀದಿದ್ರೆ ಡೀಲರ್ ಮುಟ್ಟೋದೂ ಇಲ್ಲ. ಜನಕ್ಕೆ ಏನಾದ್ರೂ ನೋಡೋಕ್ ಬೇಕು."

ಯಜಮಾನರು ತಮ್ಮ ಫೋನ್ ತೆಗೆದು ನಮ್ಮಿಬ್ಬರ ಮುಂದೆ ಇಟ್ಟರು. ಪರೀಕ್ಷೆಗೆಂದು ಬೇರೆ ಬೇರೆ ಕಡೆ ಹಾಕಿದ್ದ ಆರು ಸ್ಮಾರ್ಟ್ ಪೆಟ್ಟಿಗೆಗಳ ಸಂದೇಶಗಳೂ ಅವರಿಗೆ ಬರುತ್ತಿದ್ದವು. ಓದದೆ ಬಿಟ್ಟದ್ದು ಎಣಿಕೆ ಮೀರಿತ್ತು. ಬೆರಳಿಂದ ಸರಿಸುತ್ತ ಸರಿಸುತ್ತ ಒಂದು ಕಡೆ ನಿಲ್ಲಿಸಿದರು. ಶುಭೋದಯ, ಟ್ಯಾಂಕ್ ತುಂಬಿದೆ, ಮೋಟಾರ್ ನಿಂತಿದೆ, ಮೋಟಾರ್ ಬಿಸಿಯಾಗಿದೆ, ಶುಭೋದಯ.

"ಬೊಮ್ಮನಹಳ್ಳಿ ಬಿಲ್ಡಿಂಗಿನ ಮೋಟ್ರು ಸುಟ್ಟೋಯ್ತಲ್ಲ ಹೋದ್ವಾರ, ಅದು ಇದು. ಬಿಸಿ ಆಗಿದೆ ಅಂತ ಹೇಳಿತ್ತು ಪಾಪ. ಎರಡು ಶುಭೋದಯದ ಮಧ್ಯ ಹೇಳಿತ್ತು, ನಾನ್ ನೋಡ್ಲಿಲ್ಲ. ಆ ಓನರೂ ನೋಡ್ಲಿಲ್ಲ" ಎಂದರು. ಆಮೇಲೆ ಹೊಸ ಪೆಟ್ಟಿಗೆಯನ್ನು ಎತ್ತಿ, ಮುಚ್ಚಳ ಬಿಚ್ಚಿ, ಒಳಗಿನ ವೈರ್ ಸುರುಳಿಗಳನ್ನು ಬೆರಳಿನಿಂದ ಮುಟ್ಟಿ ನೋಡಿದರು. "ಇಪ್ಪತ್ತು ಮಾಡಿ. ಆ್ಯಪಿನದೂ ನಡೀಲಿ, ಇದೂ ನಡೀಲಿ. ನೋಡೋಣ."

ಮೊದಲನೆಯದು ನಮ್ಮ ಮೆಟ್ಟಿಲ ಕೆಳಗೇ ಹೋಯಿತು. ದೀಪವನ್ನು ಓನರಮ್ಮ ತೋರಿಸಿದ ಜಾಗದಲ್ಲೇ, ಅಡುಗೆ ಕಿಟಕಿಯ ಎದುರಿನ ಗೋಡೆಗೆ ಹಾಕಿದೆ. ಒಂದು ತಿಂಗಳು ಕಳೆಯಿತು, ಎರಡು ಕಳೆಯಿತು. ಅಷ್ಟರಲ್ಲಿ ದೀಪ ಹೊತ್ತಿದ್ದು ಮೂರೇ ಸಲ. ಮೂರು ಸಲವೂ ಓನರಮ್ಮ ಕಿಟಕಿಯಿಂದಲೇ ಟ್ಯಾಂಕರಿನವನಿಗೆ ಫೋನ್ ಮಾಡಿ ಬೈದಿದ್ದರು. ಹನ್ನೆರಡು ಮನೆಯವರಿಗೆ ನೀರಿನ ಸುದ್ದಿಯೇ ತಲುಪಲಿಲ್ಲ. ನಾನು ಗೆದ್ದೆ ಅಂದುಕೊಂಡೆ.

ಗಣೇಶನ ಹಬ್ಬಕ್ಕೆ ಮೊದಲು ಓನರಮ್ಮ ಕಟ್ಟಡಕ್ಕೆ ಬಣ್ಣ ಹೊಡೆಸಿದರು. ಅದಾದ ನಾಲ್ಕನೆಯ ದಿನ, ವಾರದ ನಡುವೆ, ಮಕ್ಕಳು ಶಾಲೆಗೆ ಹೊರಡುವ ಹೊತ್ತಿಗೆ ಸರಿಯಾಗಿ ಎಲ್ಲ ನಲ್ಲಿಗಳೂ ನಿಂತವು. ಸಂಪು ಹಿಂದಿನ ದಿನವೇ ಖಾಲಿಯಾಗಿತ್ತು. ನಾನು ಪೆಟ್ಟಿಗೆ ಬಿಚ್ಚಿದೆ. ಎಲ್ಲ ಸರಿ ಇತ್ತು. ದೀಪಕ್ಕೆ ಕರೆಂಟೂ ಹೋಗುತ್ತಿತ್ತು. ಗೋಡೆ ನೋಡಿದೆ. ದೀಪವೇ ಇಲ್ಲ! ಹತ್ತಿರ ಹೋಗಿ ಕೈಯಾಡಿಸಿದೆ. ಗೋಡೆಯಲ್ಲಿ ಒಂದು ಚಿಕ್ಕ ಉಬ್ಬು ಸಿಕ್ಕಿತು. ಬಣ್ಣದವನು ಗೋಡೆಯ ಜೊತೆಗೆ ದೀಪಕ್ಕೂ ಎರಡು ಕೋಟು ಕೆನೆ ಬಣ್ಣ ಬಳಿದು ಹೋಗಿದ್ದ. ಪಾಪ, ದೀಪ ಆ ಬಣ್ಣದ ಕೆಳಗೆ ನಿಷ್ಠೆಯಿಂದ ಉರಿಯುತ್ತಲೇ ಇತ್ತು.

ನಾನು ಉಗುರಿನಿಂದ ಕೆರೆಯುತ್ತಿದ್ದಾಗ ಓನರಮ್ಮ ಹಿಂದೆ ಬಂದು ನಿಂತರು. ಬೈಯುತ್ತಾರೆಂದುಕೊಂಡೆ. ಅವರು ನೊಂದಂತೆ ಕಂಡರು.

"ನಾಕ್ ದಿನದಿಂದ ನೋಡ್ತಾನೇ ಇವ್ನಿ ಕಣವ್ವ ಆ ಗೋಡೆ. ದೀಪ ಇಲ್ಲ ಅಂತ ನಂಗೆ ಒಳೀಲೇ ಇಲ್ಲ. ಅದು ಸುಮ್ಕಿರೋದಕ್ಕೂ ಇಲ್ದೇ ಇರೋದಕ್ಕೂ ಯೆತ್ವಾಸ ಗೊತ್ತಾಗ್ಬೇಕಲ್ಲ?"

ಅವತ್ತು ಮೆಟ್ರೊದಲ್ಲಿ ಕೂತು ಇಡೀ ದಾರಿ ಅದನ್ನೇ ಯೋಚಿಸಿದೆ. ತಪ್ಪು ಬಣ್ಣದವನದಲ್ಲ. ಆಕೆ ಮೊದಲು ಕೇಳುತ್ತಿದ್ದ ಕೊಳವೆಯ ಸದ್ದು ದಿನವೂ ಇರುತ್ತಿತ್ತು. ಒಂದು ದಿನ ಇಲ್ಲದಿದ್ದರೆ ತಕ್ಷಣ ತಿಳಿಯುತ್ತಿತ್ತು. ನನ್ನ ದೀಪ ತಿಂಗಳುಗಟ್ಟಲೆ ಸತ್ತಂತೆ ಇರುತ್ತಿತ್ತು. ನಿಜವಾಗಿ ಸತ್ತರೂ ಯಾರಿಗೂ ತಿಳಿಯುವಂತಿರಲಿಲ್ಲ. ಮಾತು ಕಡಿಮೆ ಮಾಡುವ ಹುರುಪಿನಲ್ಲಿ ನಾನು ಉಸಿರನ್ನೂ ನಿಲ್ಲಿಸಿಬಿಟ್ಟಿದ್ದೆ. ಮೆಜೆಸ್ಟಿಕ್‌ನಲ್ಲಿ ರೈಲು ಬದಲಾಯಿಸಬೇಕೆಂಬುದೇ ಮರೆತು, ಮುಂದಿನ ಎರಡು ನಿಲ್ದಾಣ ದಾಟಿ ಹೋಗಿ ವಾಪಸು ಬಂದೆ.

ಅಕ್ಕನ ಬೆಂಚಿನ ಬಳಿ ನಿಂತು ಕಥೆ ಹೇಳಿದೆ. ಅವರು ಬಣ್ಣದವನ ವಿಷಯಕ್ಕೆ ಕೈಲಿದ್ದ ವೈರ್ ಕೆಳಗಿಟ್ಟು ನಕ್ಕರು. ಆಮೇಲೆ ಇಬ್ಬರೂ ಸೇರಿ ಒಂದೇ ಒಂದು ಬದಲಾವಣೆ ಮಾಡಿದೆವು. ಮೋಟಾರ್ ಓಡುವಷ್ಟು ಹೊತ್ತು ದೀಪ ಮಂದವಾಗಿ, ಸುಮ್ಮನೆ ಉರಿಯುವುದು. ಸಂಪು ಖಾಲಿಯಾದರೆ ಮಿಣುಕುವುದು. ದಿನಕ್ಕೆ ಎರಡು ಮೂರು ಸಲ ಕಣ್ಣ ಅಂಚಿನಲ್ಲಿ ಕಾಣಿಸಿಕೊಂಡು ಹೋಗುವ ದೀಪ, ಒಂದು ದಿನ ಬರದಿದ್ದರೆ ಮನಸ್ಸಿಗೆ ತಾನಾಗಿ ತಟ್ಟುತ್ತದೆ. ಗೋಡೆಯಿಂದ ಎರಡು ಬೆರಳು ಮುಂದಕ್ಕೆ ಬರುವಂತೆ ಅದಕ್ಕೊಂದು ತಗಡಿನ ಕುತ್ತಿಗೆಯನ್ನೂ ಕೂರಿಸಿದೆವು, ಯಾವ ಬಣ್ಣದವನಿಗೂ ಕಣ್ತಪ್ಪದಂತೆ. ಓನರಮ್ಮ ಎರಡು ದಿನ ನೋಡಿ, "ಈಗ ಸರೋಯ್ತು" ಎಂದಷ್ಟೇ ಹೇಳಿದರು.

ಇದೆಲ್ಲ ಆಗಿ ಆರು ವರ್ಷವಾಗಿದೆ. ಪೆಟ್ಟಿಗೆ ಜಗತ್ತನ್ನೇನೂ ಗೆಲ್ಲಲಿಲ್ಲ. ಮಾರಾಟದವರು ಹೇಳಿದ್ದು ಮುಕ್ಕಾಲು ನಿಜವೇ ಆಯಿತು. ದೊಡ್ಡ ಅಪಾರ್ಟ್‌ಮೆಂಟಿನವರು ಈಗಲೂ ಆ್ಯಪಿನ ಪೆಟ್ಟಿಗೆಯನ್ನೇ ಕೇಳುತ್ತಾರೆ, ನಾವೂ ಮಾಡಿ ಕೊಡುತ್ತೇವೆ. ಅದರಲ್ಲಿ ಶುಭೋದಯ ತೆಗೆಸುವುದಕ್ಕೆ ನನಗೆ ಒಂದು ವರ್ಷದ ವಾದ ಬೇಕಾಯಿತು. ದೀಪದ ಪೆಟ್ಟಿಗೆ ನಮ್ಮ ಪಟ್ಟಿಯ ಕೊನೆಯ ಪುಟದಲ್ಲಿದೆ, ಚಿತ್ರವೂ ಚಿಕ್ಕದು. ಆದರೆ ಅದನ್ನು ತೆಗೆದುಕೊಂಡವರು ಮತ್ತೆ ಇನ್ನೊಂದಕ್ಕೆ ಬರುತ್ತಾರೆ. ರಿಪೇರಿಗೆ ಬರುವುದು ಕಡಿಮೆ. ಬಂದದ್ದರಲ್ಲಿ ಬಹುಪಾಲನ್ನು ಬೀದಿಯ ಎಲೆಕ್ಟ್ರಿಷಿಯನ್ನರೇ ಒಮ್ಮೆ ಸರಿ ಮಾಡಿರುತ್ತಾರೆ. ಒಳಗಿನ ವೈರ್ ಸುರುಳಿ ಸ್ವಲ್ಪ ಗಿಡ್ಡವಾಗಿರುತ್ತದೆ. ಅಕ್ಕ ಅದನ್ನು ಬೆರಳಿನಲ್ಲಿ ಅಳೆದು, "ನೋಡಿ, ಬೇಕಾಯ್ತು" ಎನ್ನುತ್ತಾರೆ.

ಹೋದ ತಿಂಗಳು ಚಂದಾಪುರಕ್ಕೆ ಹೋಗಿದ್ದೆ. ಅಲ್ಲಿ ಗಾರ್ಮೆಂಟ್ಸಿಗೆ ಹೋಗುವ ಹೆಂಗಸರೇ ಹೆಚ್ಚಾಗಿರುವ ಒಂದು ಬಾಡಿಗೆ ಕಟ್ಟಡಕ್ಕೆ ನಮ್ಮ ಪೆಟ್ಟಿಗೆ ಹಾಕಿ ಎರಡು ವರ್ಷವಾಗಿದೆ. ಯಾವ ದೂರೂ ಬಂದಿರಲಿಲ್ಲ. ದೂರು ಬರದಿದ್ದರೆ ನನಗೆ ಈಗ ಸ್ವಲ್ಪ ಭಯ. ಅದಕ್ಕೇ ಹೋಗಿ ನೋಡಿಬರೋಣ ಎನ್ನಿಸಿತ್ತು. ಸಂಜೆ ಐದೂವರೆ ಇರಬೇಕು. ಕಂಪನಿ ಬಸ್ಸು ಮೂಲೆಯಲ್ಲಿ ನಿಂತು, ಹೆಂಗಸರು ಇಳಿದು ಬರತೊಡಗಿದರು. ಊಟದ ಡಬ್ಬಿಯ ಚೀಲ, ಮುಡಿಯಲ್ಲಿ ಬಾಡಿದ ಹೂ, ಜೋರು ನಗು. ಮೆಟ್ಟಿಲ ಪಕ್ಕದ ಗೋಡೆಯಲ್ಲಿ ದೀಪ ಮಂದವಾಗಿ ಉರಿಯುತ್ತಿತ್ತು. ಮೇಲೆ ನೀರು ಏರುತ್ತಿತ್ತು. ಒಬ್ಬೊಬ್ಬರೇ ಅದರ ಮುಂದಿನಿಂದ ಹತ್ತಿ ಹೋದರು. ಯಾರೂ ಅದರ ಕಡೆ ತಿರುಗಲಿಲ್ಲ. ಒಬ್ಬಾಕೆ ಇನ್ನೊಬ್ಬಳಿಗೆ, "ಸ್ನಾನ ಮೊದ್ಲು ನಂದು ಕಣೇ, ನೀನು ಅನ್ನಕ್ಕಿಡು" ಎನ್ನುತ್ತ ಹೋದಳು. ನೀರಿದೆಯೋ ಇಲ್ಲವೋ ಎಂಬ ಪ್ರಶ್ನೆ ಅವಳ ಮಾತಿನಲ್ಲೇ ಇರಲಿಲ್ಲ.

ಗೋಡೆ ನೋಡುತ್ತ ನಿಂತಿದ್ದ ನನ್ನನ್ನು ಕೊನೆಯಲ್ಲಿ ಬಂದ ಹೆಂಗಸೊಬ್ಬಳು ಮೇಲೆ ಕೆಳಗೆ ನೋಡಿದಳು.

"ಯಾರ್ ಬೇಕಾಗಿತ್ತು ಮೇಡಂ? ರೂಮ್ ನೋಡಕ್ ಬಂದಿದೀರಾ?"

"ಇಲ್ಲಮ್ಮ, ಸುಮ್ನೆ. ಈ ದೀಪ ಸರಿಯಾಗಿದೆಯಾ ಅಂತ."

ಅವಳು ತಿರುಗಿ, ಎರಡು ವರ್ಷದಲ್ಲಿ ಮೊದಲ ಸಲ ಎನ್ನುವ ಹಾಗೆ ದೀಪವನ್ನು ನೋಡಿದಳು.

"ಓ ಇದಾ! ಅದ್ರ ಪಾಡಿಗೆ ಅದಿದೆ ಬಿಡಿ" ಎಂದು ಚೀಲ ಸರಿಪಡಿಸಿಕೊಂಡು ಮೆಟ್ಟಿಲು ಹತ್ತಿದಳು. ನಾನು ಎದುರಿನ ಅಂಗಡಿಯಲ್ಲಿ ಒಂದು ಟೀ ಕುಡಿದು ಬಸ್ಸಿಗೆ ನಿಂತೆ. ಹೊಸೂರು ರಸ್ತೆಯ ಟ್ರಾಫಿಕ್ ನೋಡಿದರೆ ಮನೆ ಸೇರುವುದಕ್ಕೆ ಎರಡು ಗಂಟೆ ಖಂಡಿತ. ಆದರೂ ಯಾಕೋ ಅವತ್ತು ಗಡಿಬಿಡಿಯೇ ಅನ್ನಿಸಲಿಲ್ಲ.